ಪಲ್ಲಾವರಂ ಪುಷ್ಪಕ

ತಿರುವಲ್ಲಿಕ್ಕೇಣಿ, ಮದ್ರಾಸ್
೭-೪-೧೯೫೮

ಮಾತೃಶ್ರೀ ಸಮಾನರಾದ ಚಂದ್ರಮತಿ ಅತ್ತೆಯವರ ಪಾದಗಳಿಗೆ, ತಮ್ಮ ಸ್ವಂತ ತಮ್ಮನಾದ ರಘುರಾಮನ ಹಿರಿಯ ಮಗಳು ಬೇಬಿ, ವಯಸ್ಸು ಹದಿನಾಲ್ಕು, ಮಾಡುವ ಅನೇಕ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಎಲ್ಲರೂ ಕ್ಷೇಮವೇ, ನಾನೊಬ್ಬಳನ್ನು ಬಿಟ್ಟು. ತಾವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಆರು ವರ್ಷ, ಮುಂದಿನ ಎರಡು ಹಲ್ಲು ಇರಲಿಲ್ಲ. ಈಗ ಹಲ್ಲುಗಳು ಬಂದಿವೆ, ಬುದ್ಧಿ ಬಂದಿಲ್ಲ ಎಂದು ಅಮ್ಮ ಹೇಳುತ್ತಾಳೆ. ಎರಡು ವರ್ಷದ ಹಿಂದಿನವರೆಗೆ ತಾವೂ ನಾವೂ ಒಂದೇ ರಾಜ್ಯದವರು. ಈಗ ನಾನು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಒಂದು ತಪ್ಪೊಪ್ಪಿಗೆಯನ್ನು ರವಾನಿಸುತ್ತಿದ್ದೇನೆ. ತಾವು ಶಾಲೆಯ ಟೀಚರಾದ್ದರಿಂದ ಇಂಥವನ್ನು ದಿನಕ್ಕೆ ಹತ್ತು ಕೇಳುತ್ತಿರಬಹುದು. ಆದರೂ ಕುಳಿತುಕೊಂಡು ಓದಬೇಕಾಗಿ ವಿನಂತಿ.

ಅಪರಾಧ ಹೀಗಿದೆ. ಮಾರ್ಚ್ ಮೂವತ್ತೊಂದನೇ ತಾರೀಕಿನದೆಂದು ಹಾಕಿ, ತಾವು ಅಪ್ಪಯ್ಯನಿಗೆ ಒಂದು ಪತ್ರ ಬರೆದಿರಿ. ಅಂದರೆ, ನಾನು ಬರೆದೆ. ಪೆಟ್ಟಿಗೆಯ ತಳದಲ್ಲಿ ತಮ್ಮ ಹಳೆಯ ಕಾಗದಗಳಿದ್ದವು. ಅವುಗಳ ಮೇಲೆ ತೆಳು ಹಾಳೆ ಇಟ್ಟು ತಮ್ಮ ಅಕ್ಷರವನ್ನು ಎಂಟು ದಿನ ತಿದ್ದಿದೆ. ಆಲೂಗಡ್ಡೆ ಕೆತ್ತಿ ಅಂಚೆಯ ಠಸ್ಸೆ ಮಾಡಿದೆ. ಪತ್ರದಲ್ಲಿ ತಾವು ಹೇಳಿದ್ದು ಇಷ್ಟು: "ತಮ್ಮಾ, ಈ ದಿನ ಕೊಟ್ಟೆ ಕಡುಬು ಮಾಡಿ ಎಲೆಯ ಮುಂದೆ ಕುಳಿತೆ. ನಿನ್ನ ನೆನಪಾಯಿತು. ನಾಲ್ಕು ತಿಂದರೂ ಒಂದು ತಿಂದ ಹಾಗಾಗಲಿಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ."

ಯಾಕೆ ಬರೆದೆ ಎಂದರೆ, ಪ್ರತಿ ಬೇಸಗೆಗೂ ಅಪ್ಪಯ್ಯ "ಈ ಸಲ ಊರಿಗೆ ಹೋಪ" ಎನ್ನುತ್ತಾರೆ. ಆಮೇಲೆ ನಮ್ಮ ಹೋಟೆಲಿನಲ್ಲಿ ಏನೋ ಒಂದು ಕೆಲಸ ಬರುತ್ತದೆ. ನಾವು ಮರೀನಾ ಬೀಚಿನಲ್ಲಿ ಕಡಲೆ ತಿಂದು ರಜೆ ಮುಗಿಸುತ್ತೇವೆ. ಒಂದು ದಿನ ನಂಬಿಸಿ ಮರುದಿನ ನಿಜ ಹೇಳಿ ಎಲ್ಲರೂ ನಗುವುದು ಎಂದು ನನ್ನ ಯೋಜನೆ.

ಶುಕ್ರವಾರ ಪತ್ರ ಅವರ ಕೈಗೆ ಬಂತು. ಓದಿದರು. ಎದ್ದು ಹೋಗಿ ಗಲ್ಲಾದ ಪಕ್ಕದ ಪಂಚಾಂಗ ತಿರುವಿದರು. ಹೊರಡುವುದಕ್ಕೆ ಒಳ್ಳೆಯ ದಿನ ನೋಡುತ್ತಿರಬೇಕು. ಆಮೇಲೆ ಒಬ್ಬರೇ ನಕ್ಕರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿಯಾಗಿತ್ತು. ನಿನ್ನೆ ಪಲ್ಲಾವರಂ ದಂಡಿನ ಹರಾಜಿನಿಂದ ಒಂದು ವ್ಯಾನು ತಂದಿದ್ದಾರೆ. ಹಿಂದೆ ಅದು ಸೈನ್ಯದ ಆಂಬುಲೆನ್ಸ್ ಆಗಿತ್ತಂತೆ. ಅದರೊಳಗೆ ಅಡುಗೆಮನೆ, ಮಲಗುವ ಹಲಗೆ, ನೀರಿನ ಹಂಡೆ ಎಲ್ಲ ಕೂರಿಸಿ, ನಮ್ಮನ್ನೆಲ್ಲ ರಸ್ತೆಯ ಮೇಲೇ ತಮ್ಮ ಮನೆಯವರೆಗೆ ಕರೆದುಕೊಂಡು ಬರುತ್ತಾರಂತೆ.

ಆದ್ದರಿಂದ ಅತ್ತೆ, ದಯವಿಟ್ಟು ಆ ಪತ್ರವನ್ನು ತಾವು ನಿಜವಾಗಿ ಒಂದು ಸಲ ಬರೆದುಬಿಡಬೇಕು. ವಿಷಯ ಸಿದ್ಧವಾಗಿದೆ, ನಕಲು ಮಾಡಿದರೆ ಸಾಕು.

ತಮ್ಮ ಅಪರಾಧಿ ಸೊಸೆ,
ಬೇಬಿ


ಕೋಟ
೧೪-೪-೧೯೫೮

ಬೇಬಿಗೆ,

ನಿನ್ನ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ಹಿಂದಕ್ಕೆ ಕಳಿಸಿದ್ದೇನೆ. ಬರವಣಿಗೆಗೆ ಹತ್ತಕ್ಕೆ ಏಳು. ನಡತೆಗೆ ಸೊನ್ನೆ.

ನಾನು ನಿನ್ನ ಅಪ್ಪಯ್ಯನಿಗೆ ಬರೆಯುವುದಿಲ್ಲ. ಮಾಡಿದವಳು ನೀನು, ಹೇಳಬೇಕಾದವಳೂ ನೀನೇ. ಇಲ್ಲಿಯವರೆಗೆ ಬಂದು ಹಿಂದಿರುಗುವುದಕ್ಕಿಂತ ಅಲ್ಲಿಯೇ ನಿಲ್ಲುವುದು ಒಳ್ಳೆಯದು.

ಚಂದ್ರಮತಿ


ತಿರುವಲ್ಲಿಕ್ಕೇಣಿ
೨೧-೪-೧೯೫೮

ಪೂಜ್ಯ ಅತ್ತೆಯವರಿಗೆ,

ಏಳು ಅಂಕಗಳಿಗೆ ಕೃತಜ್ಞತೆಗಳು. ನಮ್ಮ ಶಾಲೆಯ ಕನ್ನಡ ಟೀಚರು ಐದರ ಮೇಲೆ ಕೊಟ್ಟದ್ದಿಲ್ಲ. ಸೊನ್ನೆಯ ವಿಷಯದಲ್ಲಿ ನನ್ನ ತಕರಾರಿಲ್ಲ.

ನಿಜ ಹೇಳಲು ಮೂರು ಪ್ರಯತ್ನ ನಡೆದವು. ಮೊದಲನೆಯ ಸಲ ಅಪ್ಪಯ್ಯ ವ್ಯಾನಿನ ಕೆಳಗೆ ಮಲಗಿದ್ದರು, ಕಾಲು ಮಾತ್ರ ಹೊರಗಿತ್ತು. ಕಾಲಿಗೆ ತಪ್ಪೊಪ್ಪಿಗೆ ಹೇಳುವುದು ಸರಿಯೆನಿಸಲಿಲ್ಲ. ಎರಡನೆಯ ಸಲ "ಅಪ್ಪಯ್ಯಾ, ಒಂದು ಮಾತು" ಎಂದೆ. ಅವರು "ನಿಂಗೆ ಕಿಟಕಿ ಬದಿ ಬೇಕಾ? ಆಯ್ತ್, ನಿಂಗೇ" ಎಂದುಬಿಟ್ಟರು. ಮೂರನೆಯ ಪ್ರಯತ್ನದ ಬಗ್ಗೆ ಬರೆಯಬೇಕಾದರೆ ಪೋರೂರಿನ ಮಹಾಯಾತ್ರೆಯನ್ನು ವಿವರಿಸಬೇಕು.

ವ್ಯಾನಿಗೆ ನಾನು ಪುಷ್ಪಕ ಎಂದು ಹೆಸರಿಟ್ಟಿದ್ದೇನೆ, ಅದರೊಳಗೆ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತದೆ. ಸದ್ಯ ಹತ್ತುವವರು ಅಪ್ಪಯ್ಯ, ಅಮ್ಮ, ನಾನು, ಒಂಬತ್ತು ವರ್ಷದ ಬಾಬು, ಐದು ವರ್ಷದ ನಾಗಮಣಿ, ಮತ್ತು ಐತಪ್ಪ. ಐತಪ್ಪ ಹೋಟೆಲಿನ ಸಾಮಾನು ತರುವ ಲಾರಿಯ ಡ್ರೈವರು, ಅವನದೂ ನಿಮ್ಮ ಕಡೆಯ ಕಡಲತೀರವೇ. ಹೋಟೆಲನ್ನು ಅಡುಗೆಮನೆಯ ಸೀತಾರಾಮ ಮಾಮ ನೋಡಿಕೊಳ್ಳುತ್ತಾರೆ. ಪುಷ್ಪಕಕ್ಕೆ ಹಸಿರು ಬಣ್ಣ ಮೂರು ಸಲ ಬಳಿದಾಯಿತು. ಮೂರು ಸಲವೂ ಒಳಗಿನ ಕೆಂಪು ಶಿಲುಬೆ ಎರಡು ದಿನದಲ್ಲಿ ಮೇಲೆದ್ದು ಬಂತು. ನನ್ನ ಪಾಪದ ಹಾಗೆ ಎಂದು ಬರೆಯಬೇಕೆಂದಿದ್ದೆ, ತಾವು ಕೆಂಪು ಗೆರೆ ಎಳೆಯುತ್ತೀರೆಂದು ಬಿಟ್ಟೆ.

ನಿನ್ನೆ ಭಾನುವಾರ ಅಭ್ಯಾಸಕ್ಕೆಂದು ಪೋರೂರು ಕೆರೆಯವರೆಗೆ ಹೋದೆವು. ಅಪ್ಪಯ್ಯ ಗಡಿಯಾರ ಹಿಡಿದು, "ಇದ್ ಬೆಂಗ್ಳೂರ್ ಅಂದೇಳಿ ತಿಳ್ಕಣಿ. ಒಲೆ ಹಚ್ಚೂಕೆ ಐದ್ ನಿಮಿಷ" ಎಂದರು. ಅಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಬಾಬು ಕೆರೆಯಲ್ಲಿ ಚಪ್ಪಲಿ ತೇಲಿಬಿಟ್ಟು "ಅಪ್ಪಾ, ನಿಜಮಾ ಎಪ್ಪೋ ಪೋವೋಂ?" ಎಂದು ನೂರನೆಯ ಸಲ ಕೇಳಿದ. ನಿಜವಾಗಿ ಯಾವಾಗ ಹೋಗುತ್ತೇವೆ ಎಂದು. ಅವನು ಶಾಲೆಯ ತಮಿಳನ್ನು ಮನೆಯಲ್ಲೂ ಬಿಡುವುದಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದು, ಏನೂ ಕೇಳದೆ ನಮ್ಮ ಹಲಗೆಯ ಮೇಲೆ ಮಲಗಿಸಿದರು. ಕಾಲು ಉಳುಕಿತ್ತು. ಕೆಂಪು ಶಿಲುಬೆ ನೋಡಿದ್ದರು. ಅಪ್ಪಯ್ಯ ಉಪ್ಪಿಟ್ಟಿನ ಬಾಣಲೆ ಇಳಿಸಿ, ಆಕೆಯನ್ನು ಆಸ್ಪತ್ರೆಗೆ ತಲುಪಿಸಿ ಬಂದರು. ಮುದುಕಿ ಇಳಿಯುವಾಗ "ಮಕ್ಕಳನ್ನೆಲ್ಲ ತುಂಬಿಕೊಂಡು ಎಲ್ಲಿಗೆ" ಎಂದು ತಮಿಳಿನಲ್ಲಿ ಕೇಳಿದಳಂತೆ. "ನಮ್ಮಕ್ಕನ ಮನೆಗೆ, ಕಾಗದ ಬರೆದಿದ್ದಾಳೆ" ಎಂದರಂತೆ. ಐತಪ್ಪ ಹೇಳಿದ್ದು. ಆ ದಿನ ಹೇಳಿಯೇಬಿಡಬೇಕೆಂದಿದ್ದ ನನ್ನ ಮೂರನೆಯ ಪ್ರಯತ್ನ ಅಲ್ಲಿಗೆ ಮುಗಿಯಿತು.

ಸಂಜೆ ಅಮ್ಮನನ್ನು ಕೇಳಿದೆ, ಅತ್ತೆಗೆ ನಮ್ಮ ಮೇಲೆ ಎಂಥ ಸಿಟ್ಟು ಎಂದು. ಅಮ್ಮ ಹಪ್ಪಳದ ಡಬ್ಬಿ ಕಟ್ಟುತ್ತಿದ್ದಳು.

"ಎಂಟ್ ವರ್ಷದ ಹಿಂದೆ ಅಜ್ಜಿ ಹೋದಾಗ ತಂತಿ ಬಂತ್. ಅವತ್ತ್ ಹೋಟ್ಲಲ್ಲಿ ಮದುವೆ ಊಟ, ಐನೂರು ಎಲೆ. ಒಪ್ಕಂಡದ್ದ್, ಅರ್ಧದಲ್ಲಿ ಬಿಡೂಕಾತಿಲ್ಲ. ಮುಗ್ಸಿ ಹೊರಟ್ರ್. ಊರಿಗೆ ಹೋಪತಿಗೆ ಎಲ್ಲ ಆಗಿತ್ತ್. ಅಂಗಳದಲ್ಲೇ ನಿಲ್ಲಿಸಿ ಕೇಂಡ್ರ್ ನಿನ್ನತ್ತೆ, ಹೋಟ್ಲಿನ ಒಲೆ ಆರೂಕೆ ಮೂರ್ ದಿನ ಬೇಕಾಯ್ತಾ ತಮ್ಮಾ ಅಂದ್. ಇವರ್ ಒಳಗೂ ಹೋಯ್ಲಿಲ್ಲ, ನೀರೂ ಕುಡೀಲಿಲ್ಲ. ತಿರುಗಿ ಬಂದ್ರ್."

ಆ ಒಲೆ ಇವತ್ತಿಗೂ ಆರಿಲ್ಲ ಅತ್ತೆ. ಹೋಟೆಲು ತೆರೆದಂದಿನಿಂದ, ಹನ್ನೆರಡು ವರ್ಷ, ದಿನಾ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಅದರಿಂದಲೇ ಹಚ್ಚುತ್ತಾರೆ. ಇದನ್ನು ಯಾಕೆ ಬರೆದೆನೋ ತಿಳಿಯದು.

ಈಗ ತಮಾಷೆ ಬಿಟ್ಟು ಕೇಳುತ್ತೇನೆ. ಅವರು ಎರಡನೆಯ ಸಲ ಆ ಅಂಗಳದಲ್ಲಿ ನಿಂತು ತಿರುಗಿ ಬರಬಾರದು. ಒಂದೇ ಒಂದು ಸಾಲು ಬರೆಯಿರಿ.

ಬೇಬಿ


ತಿರುವಲ್ಲಿಕ್ಕೇಣಿ
೨೮-೪-೧೯೫೮

ಅತ್ತೆಯವರಿಗೆ,

ತಮ್ಮಿಂದ ಏನೂ ಬಂದಿಲ್ಲ. ಅಂಚೆಯವನು ನನ್ನನ್ನು ದೂರದಿಂದ ಕಂಡರೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ.

ದಿನ ಗೊತ್ತಾಗಿದೆ. ಮೇ ಹತ್ತು, ಶನಿವಾರ ಬೆಳಿಗ್ಗೆ ಹೊರಡುವುದು. ವೆಲ್ಲೂರು, ಬೆಂಗಳೂರು, ಶಿವಮೊಗ್ಗ, ಆಗುಂಬೆಯ ಘಾಟಿ ಇಳಿದು ಹದಿನಾಲ್ಕರ ಸಂಜೆ ತಮ್ಮ ಅಂಗಳ. ಅಪ್ಪಯ್ಯ ಇದನ್ನು ದೋಸೆಹಿಟ್ಟಿನ ಲೆಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಹೋಟೆಲಿಗೆ ಬರುವವರೆಲ್ಲ ಓದಿಕೊಂಡು ಹೋಗುತ್ತಾರೆ. ಬಾಬು ಈಗಲೇ ಪುಷ್ಪಕದಲ್ಲಿ ವಾಸ. ಊಟಕ್ಕೆ ಇಳಿಯುವುದಿಲ್ಲ, ಕಿಟಕಿಯಿಂದ ತಟ್ಟೆ ಚಾಚುತ್ತಾನೆ. ನಾಗಮಣಿ ತನ್ನ ಗೊಂಬೆಗೆ ಘಾಟಿಯಲ್ಲಿ ವಾಂತಿಯಾದೀತೆಂದು ನಿಂಬೆಹಣ್ಣು ಕಟ್ಟಿದ್ದಾಳೆ. ಅಪ್ಪಯ್ಯ ಒಂದು ತಗಡಿನ ಡಬ್ಬಿಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದರಲ್ಲಿ ತಾವು ಇಷ್ಟಪಡುವ ಕಾಫಿಪುಡಿಯಂತೆ. ಹೊರಡುವ ಹಿಂದಿನ ದಿನ ಅದನ್ನು ಚೆಲ್ಲಿ ಹೊಸತಾಗಿ ಹುರಿದು ತುಂಬುವುದಂತೆ. ಈಗ ಇಟ್ಟಿರುವುದು ಡಬ್ಬಿಗೆ ವಾಸನೆ ಹಿಡಿಯಲಿ ಎಂದು.

ನಾನು ಇನ್ನೊಂದು ಅಪರಾಧ ಮಾಡಿದೆ. ಇಂಜಿನ್ನಿನ ಮೇಲೆ ಅಂಗೈಯಗಲದ ಒಂದು ಮುಚ್ಚಳವಿದೆ, ಅದಿಲ್ಲದಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅದನ್ನು ಬಿಚ್ಚಿ ಹುಣಿಸೆಹಣ್ಣಿನ ಭರಣಿಯಲ್ಲಿ ಮುಚ್ಚಿಟ್ಟೆ. ಗಾಡಿ ಕೆಟ್ಟರೆ ಯಾತ್ರೆ ನಿಲ್ಲುತ್ತದೆ, ಯಾತ್ರೆ ನಿಂತರೆ ತಾವು ಬಾಗಿಲು ಹಾಕಿಕೊಳ್ಳುವ ಪ್ರಸಂಗವೇ ಇಲ್ಲ. ಶತ್ರುದೇಶದ ಗೂಢಚಾರರೂ ಮೆಚ್ಚುವ ಯೋಜನೆ.

ಐತಪ್ಪ ಒಂದಿಡೀ ದಿನ ಹುಡುಕಿದ. "ಇಲಿ ತೆಕ್ಕೊಂಡ್ ಹೋಯ್ತು ಧಣಿ" ಎಂದ. "ಇಲಿಗೆ ಸ್ಪಾನರ್ ಹಿಡಿಯೂಕೆ ಬತ್ತಾ?" ಎಂದು ಅಮ್ಮ ನನ್ನ ಕಡೆ ನೋಡಿದಳು. ಅಪ್ಪಯ್ಯ ಯಾರನ್ನೂ ಬೈಯಲಿಲ್ಲ. ಪುಷ್ಪಕದ ಹಿಂದಿನ ಮೆಟ್ಟಿಲ ಮೇಲೆ ಕುಳಿತು, ಬಣ್ಣದ ಕಲೆಯಾದ ಬೆರಳುಗಳನ್ನು ನೋಡಿಕೊಂಡು, "ಹೋಪುದ್ ಬೇಡ ಅಂದೇಳಿ ಗಾಡಿಗೂ ಅನ್ಸಿತ್ ಕಾಂತ್" ಎಂದರು. ಅವರು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೋಟೆಲಿನವರಿಗೆ ಆ ದನಿ ಇರುವುದಿಲ್ಲ.

ನಾನು ಒಳಗೆ ಹೋಗಿ ಮುಚ್ಚಳ ತಂದು ತೊಳೆದು ಐತಪ್ಪನ ಕೈಯಲ್ಲಿಟ್ಟೆ. ಅವನು ಮೂಸಿ ನೋಡಿ, "ಇಲಿ ಸಾರು ಮಾಡಿತ್ತಾ?" ಎಂದನಷ್ಟೆ. ಯಾರಿಗೂ ಹೇಳಲಿಲ್ಲ.

ಅತ್ತೆ, ನನಗೆ ಎರಡು ವಾರದಿಂದ ಕುಳಿತಲ್ಲಿ ಕುಳಿತುಕೊಳ್ಳಲಾಗುತ್ತಿಲ್ಲ. ಹೋದರೂ ಭಯ, ನಿಂತರೂ ಭಯ. ತಾವು ಬರೆಯದಿದ್ದರೆ ಹೊರಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಆಮೇಲೆ ಅವರು ನನ್ನನ್ನು ಏನು ಮಾಡಿದರೂ ಸರಿ. ಆ ಪತ್ರವನ್ನು ಅವರು ಪಂಚಾಂಗದ ಒಳಗೆ ಇಟ್ಟುಕೊಂಡಿದ್ದಾರೆ, ದಿನಾ ಒಮ್ಮೆ ತೆಗೆದು ನೋಡುತ್ತಾರೆ. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುವುದು ಹೇಗೆ ಎಂಬುದೊಂದೇ ನನಗೆ ಗೊತ್ತಿಲ್ಲ.

ಬೇಬಿ


ಕೋಟ
೩-೫-೧೯೫೮

ಬೇಬಿಗೆ,

ನಿನ್ನ ಎರಡು ಪತ್ರಗಳೂ ಬಂದವು. ತಿದ್ದಿಲ್ಲ. ಹಾಗೆಯೇ ಇಟ್ಟುಕೊಂಡಿದ್ದೇನೆ.

ನೀನು ಚುರುಕು ಹುಡುಗಿ, ಆದರೆ ಮದ್ರಾಸಿನಲ್ಲಿ ಬೆಳೆದವಳು. ಖೋಟಾ ಪತ್ರಕ್ಕೆ ಅಕ್ಷರ ಕಲಿತೆ, ಠಸ್ಸೆ ಕೆತ್ತಿದೆ, ಪಂಚಾಂಗ ನೋಡಲಿಲ್ಲ. ಮಾರ್ಚ್ ಮೂವತ್ತೊಂದು ಏಕಾದಶಿ. ಹತ್ತನೆಯ ವಯಸ್ಸಿನಿಂದ ನಾನು ಏಕಾದಶಿಯ ದಿನ ನೀರಿನ ಹೊರತು ಏನನ್ನೂ ಮುಟ್ಟಿದವಳಲ್ಲ. ನೀನು ನನ್ನಿಂದ ಆ ದಿನ ನಾಲ್ಕು ಕಡುಬು ತಿನ್ನಿಸಿದ್ದೀಯೆ.

ನಿನ್ನ ಅಪ್ಪಯ್ಯ ಎಂಟು ವರ್ಷದವನಿದ್ದಾಗ, ಒಂದು ಏಕಾದಶಿಯ ದಿನ ಹಸಿವು ತಡೆಯಲಾರದೆ ಪಕ್ಕದ ಮನೆಯಲ್ಲಿ ಕೊಟ್ಟೆ ಕಡುಬು ತಿಂದು ಬಂದ. ಬಾಯಿಯ ಮೂಲೆಯಲ್ಲಿ ಚಟ್ನಿ ಇತ್ತು. ನಾನು ನನ್ನ ಸೆರಗಿನಿಂದ ಒರೆಸಿ, ಅಮ್ಮನಿಗೆ ಹೇಳಲಿಲ್ಲ. ಈ ವಿಷಯ ನಮ್ಮಿಬ್ಬರಿಗಲ್ಲದೆ ಯಾರಿಗೂ ಗೊತ್ತಿಲ್ಲ. ಆದ್ದರಿಂದ ನಿನ್ನ ಪತ್ರ ಓದಿ ಅವನು ಪಂಚಾಂಗ ತಿರುವಿದ್ದು ಹೊರಡುವ ದಿನ ನೋಡಲಿಕ್ಕಲ್ಲ. ನಕ್ಕದ್ದು ಯಾಕೆ ಎಂದು ನನಗೆ ಗೊತ್ತು. ಅದು ನನ್ನ ಪತ್ರವಲ್ಲ ಎಂದು ಅವನಿಗೆ ಆ ಕ್ಷಣವೇ ಗೊತ್ತಾಗಿದೆ. ಗೊತ್ತಾದ ಮೇಲೂ ಗಾಡಿ ತಂದಿದ್ದಾನೆ.

ನೀನು ಮೊದಲ ಪತ್ರದಲ್ಲಿಯೇ ಇದನ್ನೆಲ್ಲ ಬರೆದಿದ್ದೆ. ನಾನು ಕಾಗುಣಿತ ತಿದ್ದುತ್ತಾ ಕುಳಿತಿದ್ದೆ, ಮೂರು ವಾರ ಅದರ ಅರ್ಥ ಹೊಳೆಯಲಿಲ್ಲ.

ಅಂಗಳದಲ್ಲಿ ನಾನು ಆಡಿದ ಮಾತು ನಿನ್ನ ಅಮ್ಮ ಹೇಳಿದ ಹಾಗೆಯೇ ಇದೆ. ಅವಳು ಒಂದಕ್ಷರ ಕೂಡಿಸಿಲ್ಲ. ಅವನು ತಿರುಗಿ ನಡೆದಾಗ ಕರೆಯಬಹುದಿತ್ತು, ಗೇಟಿನವರೆಗೆ ದೂರವೇನಿರಲಿಲ್ಲ. ಕರೆಯಲಿಲ್ಲ.

ಈಗಲೂ ಕರೆಯಲು ನನಗೆ ಬಾಯಿ ಬರುತ್ತಿಲ್ಲ. ಇದು ಆಮಂತ್ರಣವೆಂದು ತಿಳಿಯಬೇಡ. ಪಂಚಾಂಗದಲ್ಲಿರುವುದನ್ನು ತಿಳಿಸುತ್ತಿದ್ದೇನೆ. ಮೇ ಹದಿನಾಲ್ಕು ಸಹ ಏಕಾದಶಿ. ಆ ಸಂಜೆ ನನ್ನ ಮನೆಯ ಒಲೆ ಹಚ್ಚಿರುವುದಿಲ್ಲ. ಮಕ್ಕಳಿಗೆ ಬಾಳೆಹಣ್ಣು, ಹಾಲು ಇರುತ್ತದೆ. ಹದಿನೈದು ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ ಆಗಬೇಕು. ಪಾರಣೆಗೆ ಕೊಟ್ಟೆ ಕಡುಬು ಮಾಡುವುದೆಂದಿದ್ದೇನೆ. ಹಲಸಿನ ಎಲೆ ಕೊಯ್ದು ಕೊಟ್ಟೆ ಕಟ್ಟಲು ಶಾಲೆಯ ಹುಡುಗಿಯರಿಗೆ ಹೇಳಿಯಾಗಿದೆ. ಒಬ್ಬಳಿಗೆ ಅಷ್ಟು ಕಡುಬು ಯಾಕೆ ಎಂದು ಅವರು ಕೇಳಿದರು. ಎಲೆ ಕಡಿಮೆ ಬೀಳಬಾರದು ಎಂದೆ.

ನಮ್ಮ ಹೊಳೆಗೆ ಇನ್ನೂ ಸೇತುವೆ ಆಗಿಲ್ಲ. ಗಾಡಿಯನ್ನು ಎರಡು ದೋಣಿ ಕಟ್ಟಿ ಹಲಗೆ ಹಾಸಿದ ಜಂಗಲಿನ ಮೇಲೆ ಹತ್ತಿಸಿ ದೋಣಿಯವರು ದಾಟಿಸಬೇಕು. ಕತ್ತಲಾದ ಮೇಲೆ ದಾಟಿಸುವುದಿಲ್ಲ. ಐದು ಗಂಟೆಯ ಒಳಗೆ ಹೊಳೆಬದಿಗೆ ಬರಲು ಡ್ರೈವರನಿಗೆ ಹೇಳು.

ಮುಚ್ಚಳವನ್ನು ಹಿಂದಕ್ಕೆ ಕೊಟ್ಟದ್ದಕ್ಕೆ ನಡತೆಗೆ ಎರಡು.

ನಿನ್ನ ಅತ್ತೆ,
ಚಂದ್ರಮತಿ


ತಿರುವಲ್ಲಿಕ್ಕೇಣಿ
೧೦-೫-೧೯೫೮, ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ಪುಷ್ಪಕ ಬಾಗಿಲಿಗೆ ಬಂದು ನಿಂತಿದೆ. ಅಡ್ಡಕ್ಕೆ ನಿಂತಿರುವುದರಿಂದ ರಸ್ತೆಯ ಹಾಲಿನವನು, ಎರಡು ಜಟಕಾ, ಒಂದು ಎಮ್ಮೆ ಕಾಯುತ್ತಿವೆ. ಇದನ್ನು ಅಂಚೆಡಬ್ಬಿಗೆ ಹಾಕಿಯೇ ಹತ್ತುತ್ತೇನೆ. ನಮಗಿಂತ ಒಂದು ದಿನ ಮೊದಲು ತಲುಪಲಿ.

ತಮ್ಮ ಪತ್ರ ಬುಧವಾರ ಬಂತು. ಅದನ್ನು ನಾನು ನಾಲ್ಕು ಸಲ ಓದಿ, ಗಲ್ಲಾದಲ್ಲಿ ಕುಳಿತಿದ್ದ ಅಪ್ಪಯ್ಯನ ಮುಂದೆ ಇಟ್ಟು, ಕೈಕಟ್ಟಿ ನಿಂತೆ. ಪೂರ್ತಿ ಓದಿದರು. ಗೇಟಿನ ಮಾತು ಬಂದಲ್ಲಿ ನಿಲ್ಲಿಸಿ, ಬಂದ ಗಿರಾಕಿಗೆ ಚಿಲ್ಲರೆ ಕೊಟ್ಟು, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಪಂಚಾಂಗದಿಂದ ನನ್ನ ಪತ್ರ ತೆಗೆದರು. ತಾರೀಕಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಇತ್ತು. ಮೊದಲ ದಿನವೇ ಸುತ್ತಿದ್ದಂತೆ.

"ಅಕ್ಕ ಏಕಾದಶಿಗೆ ಕಡುಬು ತಿಂಬುದಾ ಹೆಣ್ಣೆ? ನಾಲ್ಕ್ ಬೇರೆ" ಎಂದರು.

"ಗೊತ್ತಿದ್ದೂ ಗಾಡಿ ಎಂತಕೆ ತಂದ್ರಿ?"

"ಕರೀಲಿಲ್ಲ, ಕರೀಲಿಲ್ಲ ಅಂದೇಳಿ ಎಂಟ್ ವರ್ಷ ಕೂಕಂಡೆ. ಅಕ್ಕ ಕರೀದಿದ್ರೂ ಹೋಯ್ಕ್ ಅಂಬುದ್ ನನ್ನ ಮನೆಯಲ್ಲೇ ಒಬ್ಬಳಿಗೆ ಕಂಡಿತ್ತಲೆ. ಇನ್ನೆಷ್ಟ್ ದಿನ ಕಾಯೂದ್?"

"ಅವರ್ ಬಾಗ್ಲ್ ತೆಗೀದಿದ್ರೆ?"

"ಅದಕ್ಕೇ ಮನೆ ಕಟ್ಕಂಡ್ ಹೊರಟದ್ದ್" ಎಂದರು. "ಅಂಗಳದ ಹೊರಗೆ ನಿಲ್ಸಿ, ಬಾಗ್ಲ್ ತೆಗೆವಲ್ಲಿವರಿಗೆ ಇಪ್ಪುದ್. ನೀರಿತ್ತ್, ಹಲಗೆ ಇತ್ತ್."

ಒಲೆ, ಹಲಗೆ, ಹಂಡೆ, ಪರದೆ, ಹದಿನೈದು ದಿನದ ಅಕ್ಕಿ ಎಲ್ಲ ಯಾಕೆಂದು ನಮಗೆ ಈಗ ತಿಳಿಯಿತು. ದಾರಿಯಲ್ಲಿ ಊಟಕ್ಕೆ ಹೋಟೆಲುಗಳಿಲ್ಲವೇ ಎಂದು ಅಮ್ಮ ಒಂದು ತಿಂಗಳಿನಿಂದ ಕೇಳುತ್ತಿದ್ದಳು. ಶಿಕ್ಷೆ ಏನೆಂದು ಕೇಳಿದೆ. ಶಿವಮೊಗ್ಗದವರೆಗೆ ಕಿಟಕಿಯ ಬದಿ ಬಾಬುವಿಗೆ.

ಇನ್ನೊಂದು ವಿಷಯ. ಹೋಟೆಲನ್ನು ಸೀತಾರಾಮ ಮಾಮ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೆ. ಅದು ಈಗ ಸುಳ್ಳು. ಸುಳ್ಳಾದದ್ದು ನನ್ನಿಂದಲ್ಲ. ನಿನ್ನೆ ಮಧ್ಯಾಹ್ನದ ಊಟ ಮುಗಿದ ಮೇಲೆ ಅಪ್ಪಯ್ಯ ಅಡುಗೆಮನೆಯವರನ್ನೆಲ್ಲ ಕರೆದು, ಸಂಬಳದೊಂದಿಗೆ ಹದಿನೈದು ದಿನ ರಜೆ, ಊರಿಗೆ ಹೋಗಿ ಬನ್ನಿ ಎಂದರು. ಸೀತಾರಾಮ ಮಾಮ "ಸಂಜೆ ತಿಂಡಿಗೆ?" ಎಂದು ಮೂರು ಸಲ ಕೇಳಿದರು. ಅಪ್ಪಯ್ಯ ದೊಡ್ಡ ಒಲೆಯ ಸೌದೆ ತಾವೇ ಎಳೆದು ಹೊರಗಿಟ್ಟರು. ಆಮೇಲೆ ಏನು ಮಾಡಿದರೆಂದು ಅವರೇ ಬರೆಯುತ್ತಾರಂತೆ. ಕಾಗದದ ಕೆಳಗೆ ನಾಲ್ಕು ಸಾಲು ಬಿಡು ಎಂದಿದ್ದಾರೆ. ಬಿಟ್ಟಿದ್ದೇನೆ. ಐತಪ್ಪ ಹಾರನ್ ಒತ್ತುತ್ತಿದ್ದಾನೆ, ಎಮ್ಮೆ ಉತ್ತರ ಕೊಡುತ್ತಿದೆ.

ಈ ಸಲ ಅಕ್ಷರವೂ ನನ್ನದೇ, ಠಸ್ಸೆಯೂ ಅಂಚೆಯವರದೇ.

ನಿಮ್ಮ,
ಬೇಬಿ

ಅಕ್ಕಾ,
ಒಲೆ ಆರಿಸಿದ್ದೇನೆ. ಬೂದಿ ತಣ್ಣಗಾಗುವವರೆಗೆ ಪಕ್ಕದಲ್ಲೇ ನಿಂತಿದ್ದೆ, ಬಹಳ ಹೊತ್ತೇನೂ ಹಿಡಿಯಲಿಲ್ಲ. ಹದಿನಾಲ್ಕರ ಏಕಾದಶಿ ನನಗೂ ಇದೆ, ಈ ಸಲ ಪಕ್ಕದ ಮನೆಗೆ ಹೋಗುವುದಿಲ್ಲ. ಪಾರಣೆಗೆ ಎರಡು ಎಲೆ ಹಾಕು.
ರಘು